ನೂರಕ್ಕೆ ನಲವತ್ತಮೂರು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿದವನಿಗೆ ನಡೆಯುವುದನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ಅರವತ್ತು ತುಂಬಿದ ಮೇಲೆ, ಅದೂ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದಾದ ಒಬ್ಬ ಹುಡುಗಿಯಿಂದ, ಅದೂ ಸಮುದ್ರದಾಚೆಯ ದೇಶದಲ್ಲಿ!

2024ರ ಜೂನ್ ತಿಂಗಳು. ಮಗನ ಡಾಕ್ಟರೇಟ್ ಘಟಿಕೋತ್ಸವಕ್ಕೆಂದು ನಾನೊಬ್ಬನೇ ಅಮೆರಿಕದ ವಿಮಾನ ಹತ್ತಿದೆ. ನನ್ನಾಕೆ ಬರುವಂತಿರಲಿಲ್ಲ. ಹನ್ನೆರಡು ವರ್ಷಗಳ ಅಂತರದಲ್ಲಿ ಹುಟ್ಟಿದ ನಮ್ಮ ಎರಡನೆಯವಳು ಆಗತಾನೆ ದ್ವಿತೀಯ ಪಿಯುಸಿಗೆ ಬಂದಿದ್ದಳು. ಮಗಳು ದ್ವಿತೀಯ ಪಿಯುಸಿಯಲ್ಲಿರುವ ಮನೆ ಹೇಗಿರುತ್ತದೆಂದು ಈ ಪುಟ ಓದುವ ತಂದೆ-ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಟಿ.ವಿ.ಗೆ ಬಟ್ಟೆ ಹೊದಿಸಿರುತ್ತದೆ, ನೆಂಟರಿಗೆ ಬಾಗಿಲು ಅರ್ಧವೇ ತೆರೆದಿರುತ್ತದೆ. "ನೀವು ಹೋಗಿ ಬನ್ನಿ. ಅವಳ ಊಟ ತಿಂಡಿ ನಾನು ನೋಡ್ಕೋತೀನಿ. ಅಲ್ಲಿಂದ ಫೋನ್ ಮಾಡಿ ಅವಳ ತಲೆ ಮಾತ್ರ ತಿನ್ನಬೇಡಿ" ಎಂದು ನನ್ನಾಕೆ ಅಪ್ಪಣೆ ಕೊಟ್ಟಳು. ನಾನು ಮೊದಲ ಎರಡು ವಾಕ್ಯಗಳನ್ನಷ್ಟೇ ಕೇಳಿಸಿಕೊಂಡೆ.

ಕ್ಯಾಲಿಫೋರ್ನಿಯಾದಲ್ಲಿ ಆ ತಿಂಗಳು ಸಂಜೆ ಐದೂವರೆ ಎಂದರೆ ನಮ್ಮ ಅರಸೀಕೆರೆಯಲ್ಲಿ ಮಾರನೆಯ ಬೆಳಗಿನ ಆರು ಗಂಟೆ. ಬಹಳ ಅನುಕೂಲವಾದ ಲೆಕ್ಕ. ದಿನವೂ ಸಂಜೆ ಐದೂವರೆಗೆ ಸರಿಯಾಗಿ ವಾಟ್ಸ್‌ಆಪಿನಲ್ಲಿ ಮಗಳನ್ನು ಎಬ್ಬಿಸುತ್ತಿದ್ದೆ. ನಿನ್ನೆ ಎಷ್ಟು ಲೆಕ್ಕ ಮಾಡಿದೆ, ಯಾವುದು ಬರಲಿಲ್ಲ, ಪುಸ್ತಕ ಹಿಡಿ, ಕ್ಯಾಮರಾ ಕೆಳಗೆ ತಿರುಗಿಸು... ಅವಳು ಪೆನ್ಸಿಲು ಎತ್ತುವಷ್ಟರಲ್ಲಿ ನಾನು ಮೊದಲ ಹೆಜ್ಜೆ ಹೇಳಿರುತ್ತಿದ್ದೆ. ಎರಡನೆಯದನ್ನು ಬರೆಯುವಷ್ಟರಲ್ಲಿ ಉತ್ತರವನ್ನೇ. ನಾಲ್ಕನೆಯ ದಿನದಿಂದ ಅವಳ ಮಾತು "ಹ್ಞೂಂ" ಎಂಬ ಒಂದೇ ಅಕ್ಷರಕ್ಕೆ ಇಳಿಯಿತು. ನಾನು ಅದನ್ನು ಅರ್ಥವಾಯಿತೆಂದು ತಿಳಿದೆ. ಮೇಷ್ಟರುಗಳಿಗೆ ಇರುವ ಹಳೆಯ ರೋಗ ಇದು.

ಮಗನ ವಿಶ್ವವಿದ್ಯಾನಿಲಯದ ಆವರಣ ನಮ್ಮ ಊರಿನಷ್ಟು ದೊಡ್ಡದು. ಅವನ ಜೊತೆ ನಡೆಯುವಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಪ್ರತಿ ಮೂರು-ನಾಲ್ಕು ಮರಗಳಿಗೊಮ್ಮೆ ಅವನು ಏನೋ ನೆಪ ಹೂಡಿ ನಿಲ್ಲುತ್ತಿದ್ದ. ಒಮ್ಮೆ ಷೂ ಲೇಸು, ಒಮ್ಮೆ ಫೋನು. ಅವನು ನಿಲ್ಲುತ್ತಿದ್ದುದು ನನಗಾಗಿ ಎಂದು ಹೊಳೆದಾಗ ಸಂಕಟವಾಯಿತು. ಮಾಲೇಕಲ್ಲು ತಿರುಪತಿಯ ಬೆಟ್ಟದ ಮೆಟ್ಟಿಲನ್ನು ಇದೇ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದವನು ನಾನು. ಈಗ ಸಮತಟ್ಟು ನೆಲದಲ್ಲಿ ಅವನು ನನಗಾಗಿ ಕಾಯುತ್ತಿದ್ದಾನೆ!

ಹೀಗೊಂದು ದಿನ ನಿಂತ ಜಾಗದಲ್ಲೇ ಗೋಡೆಯ ಮೇಲೊಂದು ಪ್ರಕಟಣೆ ಅಂಟಿಸಿತ್ತು. ನಡಿಗೆಗೆ ನೆರವಾಗುವ ಯಂತ್ರದ ಬೂಟುಗಳ ಪರೀಕ್ಷೆಗೆ 60 ವರ್ಷ ದಾಟಿದ, ಊರುಗೋಲಿಲ್ಲದೆ ನಡೆಯಬಲ್ಲ ಸ್ವಯಂಸೇವಕರು ಬೇಕಾಗಿದ್ದಾರೆ ಎಂದು. ಮಗ ನಕ್ಕು, "ಅಪ್ಪ, ಮೂರು ದಿನದ ಕೆಲಸ. ಮಾಡಿ ನೋಡ್ತೀರಾ?" ಎಂದ. ಇಡೀ ದಿನ ಅವನ ಕೋಣೆಯಲ್ಲಿ ಕೂತು ಕಿಟಕಿ ನೋಡಿ ಬೇಸತ್ತಿದ್ದ ನಾನು ತಕ್ಷಣ ಒಪ್ಪಿದೆ.

ಪ್ರಯೋಗಾಲಯದಲ್ಲಿ ಮೊದಲು ಕೈಗೆ ಬಂದದ್ದು ಬೂಟಲ್ಲ, ಒಂದು ಒಪ್ಪಿಗೆ ಪತ್ರ. ಹಲವು ಪುಟ. ನಾನು ಪ್ರಶ್ನೆಪತ್ರಿಕೆ ಓದುವ ಅಭ್ಯಾಸದವನಾದ್ದರಿಂದ ಅಕ್ಷರ ಬಿಡದೆ ಓದಿದೆ. ಅದರಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತಿತ್ತು: ನೀವು ಯಾವಾಗ ಬೇಕಾದರೂ, ಯಾವ ಕಾರಣವನ್ನೂ ಕೊಡದೆ, ನಿಲ್ಲಿಸಬಹುದು, ಅದಕ್ಕಾಗಿ ನಿಮಗೆ ಯಾವ ನಷ್ಟವೂ ಆಗುವುದಿಲ್ಲ. ಮನುಷ್ಯರ ಮೇಲೆ ನಡೆಸುವ ಸಂಶೋಧನೆಗೆಲ್ಲ ಇದು ಕಡ್ಡಾಯವಂತೆ. ಸಹಿ ಹಾಕುವಾಗ ನನಗೊಂದು ತಮಾಷೆಯ ಯೋಚನೆ ಬಂತು. ಮೂವತ್ತೆರಡು ವರ್ಷಗಳಲ್ಲಿ ನಾನು ಎಷ್ಟೋ ಸಾವಿರ ಮಕ್ಕಳ ಮೇಲೆ ಪ್ರಯೋಗ ನಡೆಸಿದ್ದೇನೆ. ಒಬ್ಬರಿಂದಲೂ ಇಂಥದ್ದಕ್ಕೆ ಸಹಿ ಪಡೆದಿರಲಿಲ್ಲ.

ಬೂಟು ನೋಡಲು ಬೆಟ್ಟ ಹತ್ತುವವರ ಬೂಟಿನಂತೆಯೇ ಇತ್ತು. ಅದರ ಹಿಂಬದಿಯಿಂದ ಕಪ್ಪು ಬಣ್ಣದ ಗಟ್ಟಿ ಪಟ್ಟಿಯೊಂದು ಮೇಲೆದ್ದು ಮೊಣಕಾಲ ಕೆಳಗೆ ಬೆಲ್ಟಿನಿಂದ ಬಿಗಿಯುತ್ತಿತ್ತು. ಮೀನಖಂಡದ ಬಳಿ ಮುಷ್ಟಿಯಷ್ಟು ದೊಡ್ಡ ಮೋಟಾರು. ಮೋಟಾರು ತಿರುಗಿದರೆ ಒಂದು ದಾರ ಸುತ್ತಿಕೊಂಡು ಹಿಮ್ಮಡಿಯನ್ನು ಮೇಲಕ್ಕೆ ಎಳೆಯುತ್ತದೆ. ಬಾವಿಯ ರಾಟೆಯ ಹಾಗೆ ಎನ್ನಿ. ಬ್ಯಾಟರಿ ಮಾತ್ರ ಸೊಂಟದ ಪಟ್ಟಿಯಲ್ಲಿ. "ಬ್ಯಾಟರಿಯನ್ನೂ ಬೂಟಿಗೇ ಸೇರಿಸಬಹುದಿತ್ತಲ್ಲ?" ಎಂದು ಕೇಳಿದೆ. ಪರೀಕ್ಷೆ ನಡೆಸುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ತಾಳ್ಮೆಯಿಂದ ವಿವರಿಸಿದಳು. ಸೊಂಟದಲ್ಲಿ ಹೊತ್ತ ಒಂದು ಕಿಲೋ ಭಾರಕ್ಕಿಂತ ಪಾದಕ್ಕೆ ಕಟ್ಟಿದ ಒಂದು ಕಿಲೋ ಭಾರ ಹಲವು ಪಟ್ಟು ಹೆಚ್ಚು ದಣಿಸುತ್ತದೆ. ಪ್ರತಿ ಹೆಜ್ಜೆಗೂ ಪಾದವನ್ನು ಎತ್ತಿ, ಮುಂದಕ್ಕೆ ಬೀಸಿ, ಮತ್ತೆ ನಿಲ್ಲಿಸಬೇಕಲ್ಲ! ಹಾಗಾಗಿ ಇಂಥ ಬೂಟು ಮೊದಲು ತನ್ನ ಸ್ವಂತ ಭಾರದ ಸಾಲ ತೀರಿಸಬೇಕು. ಆಮೇಲೆ ಉಳಿದದ್ದು ನಮಗೆ ಲಾಭ.

ಈ ಸಾಲ ತೀರಿಸುವುದು ಎಷ್ಟು ಕಷ್ಟವಾಗಿತ್ತೆಂಬುದಕ್ಕೆ ಚರಿತ್ರೆಯೇ ಇದೆ. 1890ರಲ್ಲಿ ರಷ್ಯದ ನಿಕೊಲಸ್ ಯಾಗ್ನ್ ಎಂಬಾತ ನಡೆಯಲು, ಓಡಲು, ನೆಗೆಯಲು ನೆರವಾಗುವ ಸಾಧನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಕಾಲುಗಳಿಗೆ ಸಮನಾಗಿ ಬಿಲ್ಲಿನಂಥ ಉದ್ದನೆಯ ಸ್ಪ್ರಿಂಗು ಕಟ್ಟುವ ಯೋಜನೆ ಅದು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ 'ಹಾರ್ಡಿಮನ್' ಎಂಬ ಯಂತ್ರಕವಚ ಕಟ್ಟಲು ಹೊರಟಿತು. ಅದರ ತೂಕವೇ ಸುಮಾರು 680 ಕಿಲೋ. ಮನುಷ್ಯ ಅದನ್ನು ತೊಟ್ಟುಕೊಂಡು ಸರಾಗವಾಗಿ ನಡೆಯುವ ಮಾತು ಕೈಗೂಡಲಿಲ್ಲ. ಬರಿಗಾಲಿನ ಮನುಷ್ಯನೇ ಈ ಯಂತ್ರಗಳಿಗಿಂತ ಮಿತವ್ಯಯಿ ಎಂಬುದೇ ನೂರಿಪ್ಪತ್ತು ವರ್ಷಗಳ ಅನುಭವ. ಲಕ್ಷಾಂತರ ವರ್ಷ ನಡೆದು ನಡೆದು ಪಳಗಿದ ಕಾಲುಗಳು ನಮ್ಮವು. ಅವುಗಳ ಮುಂದೆ ಗೆಲ್ಲುವುದು ಸುಲಭವಲ್ಲ.

ಗೆಲುವು ಬಂದದ್ದು ಇತ್ತೀಚೆಗೆ, ಅದೂ ಬಲ ಹೆಚ್ಚಿಸಿದ್ದರಿಂದಲ್ಲ, ಹೊತ್ತು ನೋಡಿದ್ದರಿಂದ. 2013ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾನಿಲಯದವರು ಪಾದದ ಕೀಲಿಗೆ ಗಾಳಿಯ ಒತ್ತಡದಿಂದ ನೆರವಾಗುವ ಸರಳ ಸಾಧನ ತೊಡಿಸಿ ಒಂದು ಪ್ರಯೋಗ ಮಾಡಿದರು. ಬಲಗಾಲ ಹಿಮ್ಮಡಿ ನೆಲಕ್ಕೆ ತಗುಲಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲಕ್ಕೆ ತಗುಲುವವರೆಗಿನ ಒಂದು ಸುತ್ತನ್ನು ನೂರು ಭಾಗ ಮಾಡಿ. ಆ ನೂರರಲ್ಲಿ ಯಾವ ಭಾಗದಲ್ಲಿ ನೆರವು ಶುರುವಾಗಬೇಕು ಎಂಬುದನ್ನು ಬದಲಿಸುತ್ತ ಹೋದರು. ಸುಮಾರು 43ನೆಯ ಭಾಗದಲ್ಲಿ, ಅಂದರೆ ಇನ್ನೊಂದು ಕಾಲು ನೆಲ ಮುಟ್ಟುವುದಕ್ಕೆ ಕೊಂಚ ಮೊದಲು ಶುರುವಾದಾಗ, ನಡೆಯಲು ಬೇಕಾದ ಶಕ್ತಿ ಸಾಧನವಿಲ್ಲದ ನಡಿಗೆಗಿಂತ ಸುಮಾರು ಶೇ. 6ರಷ್ಟು ಕಡಿಮೆಯಾಯಿತು. ಅದಕ್ಕಿಂತ ಮುಂಚೆಯಾದರೂ ಲಾಭ ಇಳಿಯಿತು, ತಡವಾದರೂ ಇಳಿಯಿತು.

ಮರುವರ್ಷ, 2014ರಲ್ಲಿ, ಅಮೆರಿಕದ ಎಂ.ಐ.ಟಿ.ಯ ತಂಡ ಬ್ಯಾಟರಿಯನ್ನೂ ಜೊತೆಗೇ ಹೊತ್ತ ಸಾಧನದಿಂದ ಇಂಥದ್ದನ್ನೇ ಸಾಧಿಸಿ ತೋರಿಸಿತು. ಸುಮಾರು 23 ಕಿಲೋ ಹೊರೆ ಹೊತ್ತು ನಡೆಯುವವರ ಶಕ್ತಿವ್ಯಯ ಶೇ. 8ರಷ್ಟು ಕಡಿಮೆಯಾಯಿತು. ಆ ತಂಡದ ಹಿರಿಯರಾದ ಹ್ಯೂ ಹರ್ ಅವರ ಕಥೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1982ರಲ್ಲಿ, 17ರ ಹರೆಯದಲ್ಲಿ, ಬೆಟ್ಟ ಹತ್ತಲು ಹೋಗಿ ಹಿಮದಲ್ಲಿ ಸಿಕ್ಕಿಬಿದ್ದು ಮೊಣಕಾಲ ಕೆಳಗೆ ಎರಡೂ ಕಾಲು ಕಳೆದುಕೊಂಡವರು ಅವರು. ತಾವೇ ರೂಪಿಸಿಕೊಂಡ ಕೃತಕ ಕಾಲುಗಳಿಂದ ಮತ್ತೆ ಬೆಟ್ಟ ಹತ್ತಿದರು.

ಇವನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ಟ್ರೆಡ್‌ಮಿಲ್ ಏರಿ ನಿಂತಾಗ ನನಗೆ ಗೊತ್ತಿದ್ದದ್ದು ಒಂದೇ: ಹೆದರಿಕೆ. ಬೀಳದಿರಲೆಂದು ಮೇಲಿನ ತೊಲೆಯಿಂದ ಇಳಿಬಿಟ್ಟ ಪಟ್ಟಿಗಳನ್ನು ಎದೆಗೆ ಕಟ್ಟಿದರು. ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿದರು. ಉಸಿರಿನಲ್ಲಿ ಎಷ್ಟು ಆಮ್ಲಜನಕ ಒಳಗೆ ಹೋಯಿತು, ಎಷ್ಟು ಇಂಗಾಲದ ಡೈ ಆಕ್ಸೈಡ್ ಹೊರಬಂತು ಎಂಬ ಲೆಕ್ಕದಿಂದ ದೇಹ ಎಷ್ಟು ಶಕ್ತಿ ಖರ್ಚು ಮಾಡಿತೆಂದು ತಿಳಿಯುತ್ತದೆ. ಅದಕ್ಕಾಗಿ ಬೆಳಗಿನಿಂದ ಹೊಟ್ಟೆಗೆ ಏನೂ ಹಾಕುವಂತಿರಲಿಲ್ಲ. ಕಾಫಿಯೂ ಇಲ್ಲ! ವಿಜ್ಞಾನಕ್ಕಾಗಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದೇ.

ಮೋಟಾರು ಚಾಲೂ ಮಾಡಿದರು. ಮೊದಲ ಐದು ನಿಮಿಷ ನರಕ. ಕಾಲು ಮುಂದಿಡಲು ಹೊರಟರೆ ಯಾರೋ ಹಿಂದಿನಿಂದ ಪಂಚೆಯ ತುದಿ ತುಳಿದಂತೆ ಆಗುತ್ತಿತ್ತು. ಸಮತಟ್ಟು ಪಟ್ಟಿಯ ಮೇಲೆ ನಡೆಯುತ್ತಿದ್ದರೂ ಏರು ಹತ್ತುತ್ತಿರುವ ಭಾಸ. "ಇದು ನೆರವಲ್ಲ, ಅಡ್ಡಗಾಲು!" ಎಂದು ಮುಖವಾಡದೊಳಗಿಂದಲೇ ಕೂಗಿದೆ. ಆ ಹುಡುಗಿ ಸಂತೋಷದಿಂದ ತಲೆಯಾಡಿಸಿದಳು. ಬೇಕೆಂದೇ ಬೇಗ ತಳ್ಳುವಂತೆ ಹೊಂದಿಸಿದ್ದಳಂತೆ. ಬೇರೆ ಬೇರೆ ಹೊತ್ತಿನ ತಳ್ಳುವಿಕೆಯನ್ನು ಅನುಭವಿಸಿದರೆ ಕಾಲು ಬೇಗ ಕಲಿಯುತ್ತದೆ ಎಂಬುದು ಅವರ ಲೆಕ್ಕ. ದೇಹ ಇನ್ನೂ ಪಾದದ ಮೇಲೆ ಮುಂದಕ್ಕೆ ಸಾಗುತ್ತಿರುವಾಗಲೇ ಹಿಮ್ಮಡಿಯನ್ನು ಎಳೆದರೆ ಅದು ಮೊಳಕಾಲನ್ನು ಹಿಂದಕ್ಕೆ ದೂಡುತ್ತದೆ. ದೇಹ ಮುಂದೆ ದಾಟಿ, ಹಿಮ್ಮಡಿ ತಾನಾಗಿ ಏಳಲು ಶುರು ಮಾಡಿದಾಗ ಅದೇ ಎಳೆತ ಮುಂದಕ್ಕೆ ನೂಕುತ್ತದೆ. ಬಲ ಅದೇ, ಮೋಟಾರು ಅದೇ. ನಡಿಗೆಯ ಒಂದು ಸುತ್ತಿಗೆ ಹಿಡಿಯುವುದು ಸುಮಾರು ಒಂದು ಸೆಕೆಂಡು. ಅಂದರೆ ಅಡ್ಡಗಾಲಿಗೂ ಆಸರೆಗೂ ಇರುವ ಅಂತರ ಸೆಕೆಂಡಿನ ಕೆಲವೇ ನೂರರ ಭಾಗ!

ಅವಳು ಹೊತ್ತನ್ನು ಸರಿಪಡಿಸಿದಳು. ಈಗಲಾದರೂ ಸರಾಗವಾಗಬೇಕಿತ್ತು. ಆಗಲಿಲ್ಲ. ಬೂಟಿನ ಸದ್ದು ಏರುಪೇರಾಗುತ್ತಲೇ ಇತ್ತು. ಪರದೆಯ ಮೇಲಿನ ಗೆರೆಗಳನ್ನು ನೋಡುತ್ತಿದ್ದ ಹುಡುಗಿ ಟ್ರೆಡ್‌ಮಿಲ್ ನಿಲ್ಲಿಸಿ ಬಹಳ ವಿನಯದಿಂದ ಹೇಳಿದಳು: "ಸರ್, ನೀವು ಯಂತ್ರಕ್ಕೆ ಸಹಾಯ ಮಾಡುತ್ತಿದ್ದೀರಿ. ದಯವಿಟ್ಟು ಮಾಡಬೇಡಿ."

ನಿಜವಾಗಿತ್ತು. ನಾನು ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುತ್ತ, ಮೋಟಾರು ತಳ್ಳುವ ಮೊದಲೇ ನಾನೇ ಹಿಮ್ಮಡಿ ಎತ್ತಿಬಿಡುತ್ತಿದ್ದೆ. ಬೂಟು ನನ್ನ ಹಿಂದಿನ ಕೆಲವು ಹೆಜ್ಜೆಗಳ ಸರಾಸರಿ ನೋಡಿ ಮುಂದಿನದನ್ನು ಅಂದಾಜು ಮಾಡುತ್ತದೆ. ನಾನು ಅದಕ್ಕಿಂತ ಜಾಣನಾಗಲು ಹೊರಟರೆ ಅದರ ಸರಾಸರಿಯೂ ಕೆಟ್ಟಿತು, ನನ್ನ ನಡಿಗೆಯೂ ಕೆಟ್ಟಿತು. ಮೂಲೆಯಲ್ಲಿ ಕೂತಿದ್ದ ಮಗ ಜೋರಾಗಿ ನಕ್ಕ. "ಅಪ್ಪ, ಮನೇಲಿ ಮಾಡೋದನ್ನೇ ಇಲ್ಲೂ ಮಾಡ್ತಿದ್ದೀರಿ."

ಆ ನಗೆ ನನಗೆ ಅಷ್ಟು ಹಿತವಾಗಲಿಲ್ಲ. ಆದರೆ ಎಣಿಸುವುದನ್ನು ಬಿಟ್ಟೆ. ಎದುರು ಗೋಡೆಯ ಗಡಿಯಾರ ನೋಡುತ್ತ, ಬೆಳಿಗ್ಗೆ ತಪ್ಪಿಹೋದ ಕಾಫಿಯನ್ನು ನೆನೆಯುತ್ತ ಸುಮ್ಮನೆ ನಡೆದೆ. ಎಷ್ಟು ಹೊತ್ತಾಯಿತೋ, ಒಂದು ಕ್ಷಣದಲ್ಲಿ ಯಂತ್ರದ ಪರಿವೆಯೇ ತಪ್ಪಿತು. ಯಾರೂ ತಳ್ಳುತ್ತಿರುವಂತೆ ಅನ್ನಿಸಲಿಲ್ಲ. ಇಳಿಜಾರಿನ ರಸ್ತೆಯಲ್ಲಿ ಗಾಳಿ ಬೆನ್ನಿಗೆ ಬಂದಾಗ ಸೈಕಲ್ ತುಳಿದಂತೆ ಕಾಲು ತಾನಾಗಿ ಹೋಗುತ್ತಿತ್ತು. ಬಹಳ ವರ್ಷಗಳ ಹಿಂದಿನ ನನ್ನದೇ ನಡಿಗೆ ನನಗೆ ಸಿಕ್ಕಿತು. ಕಣ್ಣು ಯಾಕೋ ಮಂಜಾಯಿತು. ಮುಖವಾಡ ಇದ್ದದ್ದು ಒಳ್ಳೆಯದೇ ಆಯಿತು.

ನಡಿಗೆಯಲ್ಲಿ ದೇಹವನ್ನು ಮುಂದಕ್ಕೆ ನೂಕುವ ಕೆಲಸದಲ್ಲಿ ದೊಡ್ಡ ಪಾಲು ಪಾದದ ಕೀಲಿನದು. ಮೀನಖಂಡದ ಸ್ನಾಯುಗಳು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವನ್ನು ರಬ್ಬರಿನಂತೆ ಎಳೆದು ಹಿಡಿದು, ಸರಿಯಾದ ಕ್ಷಣದಲ್ಲಿ ಬಿಡುತ್ತವೆ. ವಯಸ್ಸಾದಂತೆ ಈ ನೂಕು ಕುಗ್ಗಿ, ಸೊಂಟದ ಸ್ನಾಯುಗಳು ಆ ಕೆಲಸವನ್ನು ಹೆಚ್ಚು ಹೆಚ್ಚಾಗಿ ಹೊರುತ್ತವೆ. ಅದಕ್ಕೇ ಇರಬೇಕು, ನನಗೆ ಮರಕ್ಕೊಂದು ನಿಲುಗಡೆ ಬೇಕಾಗುತ್ತಿದ್ದದ್ದು. 2015ರಲ್ಲಿ ಅಮೆರಿಕದ ಸಂಶೋಧಕರು ಮೋಟಾರು, ಬ್ಯಾಟರಿ ಯಾವುದೂ ಇಲ್ಲದೆ, ಬರೀ ಸ್ಪ್ರಿಂಗು ಮತ್ತು ಒಂದು ಕ್ಲಚ್ಚಿನಿಂದ ಇದೇ ಸ್ನಾಯುರಜ್ಜುವಿಗೆ ಜೊತೆ ಕೊಟ್ಟು ಶೇ. 7ರಷ್ಟು ಶಕ್ತಿ ಉಳಿಸಿ ತೋರಿಸಿದರು.

ಇಪ್ಪತ್ತು ನಿಮಿಷದ ಮೇಲೆ ಮೋಟಾರು ಆರಿಸಿದರು. ಬೂಟು ಕಾಲಿನಲ್ಲೇ ಇತ್ತು, ನೆರವು ಮಾತ್ರ ಇಲ್ಲ. ಅಬ್ಬಾ! ಮಳೆಯಲ್ಲಿ ನೆನೆದ ಗೋಣಿಚೀಲವನ್ನು ಎರಡು ಕಾಲಿಗೂ ಕಟ್ಟಿದಂತಾಯಿತು. ಬೆಳಿಗ್ಗೆ ಬರುವಾಗ ಇದ್ದ ನನ್ನ ಬಡ ನಡಿಗೆಯೂ ಆಗ ಇರಲಿಲ್ಲ. ಮುಗ್ಗರಿಸಿ, ಎದೆಗೆ ಕಟ್ಟಿದ ಪಟ್ಟಿಯಲ್ಲಿ ಜೋತಾಡಿದೆ. ಕಂಬಿ ಹಿಡಿದು ಸಾವರಿಸಿಕೊಂಡಾಗ ಮಗನ ಮುಖ ನೋಡಿದೆ. ಅವನೀಗ ನಗುತ್ತಿರಲಿಲ್ಲ.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತು, ಅಂತೂ ಕಾಫಿ ಕುಡಿಯುತ್ತಿದ್ದಾಗ ಅವನು ಹೇಳಿದ:

"ಅಪ್ಪ, ನಿಮಗೊಂದು ವಿಷಯ ಹೇಳಿರಲಿಲ್ಲ. ಇಂಜಿನಿಯರಿಂಗ್ ಮೊದಲನೇ ಸೆಮಿಸ್ಟರ್‌ನಲ್ಲಿ ನಾನು ಮ್ಯಾಥ್ಸ್ ಫೇಲಾಗಿದ್ದೆ."

ನಾನು ಲೋಟ ಕೆಳಗಿಟ್ಟೆ.

"ಹಾಸ್ಟೆಲ್ಲಿನಲ್ಲಿ ಪುಸ್ತಕ ತೆಗೆದು ಕೂತ್ರೆ ಮೊದಲನೇ ಸಾಲು ಬರೀತಾನೇ ಇರಲಿಲ್ಲ. ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ಮೊದಲನೇ ಸಾಲನ್ನ ಯಾವಾಗಲೂ ನೀವೇ ಹೇಳ್ತಿದ್ರಲ್ಲ, ಅದು ಬರುತ್ತೆ ಅಂತ ಕಾಯ್ತಾ ಕೂತಿರ್ತಿದ್ದೆ. ಈಗ ನೀವು ಮುಗ್ಗರಿಸಿದ್ರಲ್ಲ, ಹಾಗೇ ಆಗಿತ್ತು. ಆಮೇಲೆ ಬರೆದು ಪಾಸು ಮಾಡ್ದೆ ಬಿಡಿ. ಆದ್ರೆ ಒಂದು ವರ್ಷ ಹಿಡೀತು, ನನ್ನ ಕಾಲಲ್ಲಿ ನಾನು ನಿಲ್ಲೋಕೆ."

ಹತ್ತು ವರ್ಷದ ಹಿಂದಿನ ಮಾತು. ಆ ದಿನಗಳಲ್ಲಿ ನಾನು ಊರಿನವರಿಗೆಲ್ಲ ಮಗ ಗಣಿತದಲ್ಲಿ ನನ್ನ ಹಾಗೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ. "ಆಗಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿದ್ರೆ ನೀವು ಮುಂದಿನ ಬಸ್ಸಿಗೇ ಬಂದು ಪಾಠ ಶುರು ಮಾಡ್ತಿದ್ರಿ" ಎಂದ. ಅದೂ ನಿಜವೇ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ವಾದ ಮಾಡುತ್ತಿದ್ದೆನೋ ಏನೋ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಪುಟ್ಟಿಗೆ ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡ್ತೀರಲ್ಲ..." ಎಂದು ಅರ್ಧಕ್ಕೇ ನಿಲ್ಲಿಸಿದ. ನನ್ನ ಮಗನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. ಅದನ್ನು ಅವನು ನನ್ನಿಂದ ಕಲಿತದ್ದಲ್ಲ.

ಅಂದು ಸಂಜೆ ಐದೂವರೆಗೆ ನಾನು ಫೋನ್ ಮಾಡಲಿಲ್ಲ. ಕೈ ಕಟ್ಟಿ ಕೂತೆ. ಆರೂಕಾಲಕ್ಕೆ ಅರಸೀಕೆರೆಯಿಂದಲೇ ಕರೆ ಬಂತು. ನನ್ನಾಕೆ ಗಾಬರಿಯಾಗಿದ್ದಳು. "ಮೈಯಲ್ಲಿ ಹುಷಾರಿದೀರಾ ತಾನೆ? ಫೋನೇ ಬರಲಿಲ್ಲವಲ್ಲ!" ಹುಷಾರಾಗಿದ್ದೇನೆ, ಬಹುಶಃ ಈಗ ತಾನೆ ಹುಷಾರಾಗುತ್ತಿದ್ದೇನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿ, ಮೂವತ್ತು ವರ್ಷದ ಸಂಸಾರದಲ್ಲಿ ಅದೇನು ಹೊಸದಲ್ಲ.

ಉಳಿದೆರಡು ದಿನ ಪ್ರಯೋಗಾಲಯಕ್ಕೆ ಹೋದೆ. ಕಾಲು ದಿನದಿಂದ ದಿನಕ್ಕೆ ಬೂಟಿಗೆ ಒಗ್ಗಿತು. ಈ ಒಗ್ಗುವಿಕೆಗೆ ಎಷ್ಟು ಬೆಲೆಯಿದೆಯೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೆಲಸವೊಂದು ಚೆನ್ನಾಗಿ ತೋರಿಸಿದೆ. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಚೆನ್ನಾಗಿ ಪಳಗಿದವರು, ನೆರವು ಆರಿಸಿದ ಅದೇ ಸಾಧನ ತೊಟ್ಟು ನಡೆಯುವುದಕ್ಕಿಂತ ಶೇ. 39ರಷ್ಟು ಶಕ್ತಿ ಉಳಿಸಿದ್ದರು. ಅದರಲ್ಲಿ ಸುಮಾರು ಅರ್ಧ ಪಾಲು ಯಂತ್ರದ ಜಾಣತನದ್ದಲ್ಲ, ತೊಟ್ಟವರ ಕಲಿಕೆಯದು. ಪೂರ್ತಿ ಪಳಗಲು ಸರಾಸರಿ ನೂರಕ್ಕೂ ಹೆಚ್ಚು ನಿಮಿಷಗಳ ನಡಿಗೆ ಬೇಕಾಗಿತ್ತು. ಐದೇ ನಿಮಿಷಕ್ಕೆ "ಅಡ್ಡಗಾಲು" ಎಂದು ಕೂಗಿದ ನನಗೆ ಅದನ್ನು ಓದಿ ನಾಚಿಕೆಯಾಯಿತು.

ಅದೇ ವಿಶ್ವವಿದ್ಯಾನಿಲಯದವರು 2022ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮುಖವಾಡ, ಟ್ರೆಡ್‌ಮಿಲ್ ಯಾವುದೂ ಇಲ್ಲದೆ, ಬೀದಿಯಲ್ಲಿ ನಡೆಯುತ್ತಿರುವಾಗಲೇ, ಬೂಟಿನಲ್ಲಿರುವ ಅಗ್ಗದ ಸಂವೇದಕಗಳಿಂದ ತೊಟ್ಟವರ ನಡಿಗೆಯನ್ನು ಗಮನಿಸಿ, ಸುಮಾರು ಒಂದು ಗಂಟೆಯೊಳಗೆ ಅವರವರಿಗೆ ತಕ್ಕಂತೆ ತನ್ನ ಬಲವನ್ನೂ ಹೊತ್ತನ್ನೂ ತಿದ್ದಿಕೊಳ್ಳುವ ಬೂಟು ಅದು. ಅದನ್ನು ತೊಟ್ಟವರು ಮಾಮೂಲಿ ಷೂಗಿಂತ ಶೇ. 9ರಷ್ಟು ವೇಗವಾಗಿ ನಡೆದರು. ಅಷ್ಟೇ ದೂರಕ್ಕೆ ಶೇ. 17ರಷ್ಟು ಕಡಿಮೆ ಶಕ್ತಿ ಬಳಸಿದರು. ಬೆನ್ನಿನಿಂದ 30 ಪೌಂಡು, ಅಂದರೆ 13 ಕಿಲೋಗೂ ಹೆಚ್ಚಿನ ಚೀಲ ಇಳಿಸಿದಂತೆ ಎಂದು ಅವರು ಹೋಲಿಸಿದ್ದಾರೆ. ನಮ್ಮ ಮಕ್ಕಳ ಸ್ಕೂಲ್ ಬ್ಯಾಗನ್ನು ಅವರು ನೋಡಿಲ್ಲದಿರಬಹುದು. ಆದರೂ ಹೋಲಿಕೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. 2025ರ ಅಕ್ಟೋಬರಿನಲ್ಲಿ ನೈಕಿ ಕಂಪನಿಯೂ ನಡೆಯುವವರಿಗೆ, ಓಡುವವರಿಗೆ ಮೋಟಾರಿನ ಪಾದರಕ್ಷೆ ತರುವ ಯೋಜನೆಯನ್ನು ಪ್ರಕಟಿಸಿದೆ.

ಕೊನೆಯ ದಿನ ಹೊರಡುವಾಗ ಆ ಹುಡುಗಿಯನ್ನು ಕೇಳಿದೆ: "ಬೂಟಿಗೆ ಎಷ್ಟು ಬಲ ಕೊಡಬೇಕೆಂದು ಗೊತ್ತು ಮಾಡುವುದು ಕಷ್ಟವೋ, ಯಾವಾಗ ಕೊಡಬೇಕೆಂದು ಗೊತ್ತು ಮಾಡುವುದೋ?" ಅವಳು ಯೋಚಿಸಿ ಹೇಳಿದ್ದು: ಎರಡಕ್ಕಿಂತ ಕಷ್ಟವಾದದ್ದು, ತೊಟ್ಟವರು ಈಗ ಎಲ್ಲಿದ್ದಾರೆ ಎಂದು ತಿಳಿಯುವುದು. ಅವರ ಪಾದ ನಡಿಗೆಯ ಯಾವ ಹಂತದಲ್ಲಿದೆ ಎಂಬುದು ಸರಿಯಾಗಿ ತಿಳಿದರೆ ಮಿಕ್ಕದ್ದೆಲ್ಲ ಲೆಕ್ಕ ಅಷ್ಟೆ.

ಮಿಕ್ಕದ್ದೆಲ್ಲ ಲೆಕ್ಕ. ವಿಮಾನದಲ್ಲಿ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಲೆಕ್ಕ ನನಗೆ ಗೊತ್ತಿತ್ತು. ಮಗು ಎಲ್ಲಿದೆ ಎಂದು ನೋಡುವುದೇ ಗೊತ್ತಿರಲಿಲ್ಲ.

ಊರಿಗೆ ಬಂದ ಮೂರನೆಯ ರಾತ್ರಿ. ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅನುಕಲನದ ಲೆಕ್ಕ. ದೂರದಿಂದಲೇ ನನಗೆ ಕಾಣಿಸುತ್ತಿತ್ತು, ಎಲ್ಲಿ ಆದೇಶಿಸಬೇಕು, ಯಾವ ಸೂತ್ರ ಹಿಡಿಯಬೇಕು ಎಂದು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಎದುರಿಗೆ ಕೂತು, ತಟ್ಟೆಯಲ್ಲಿದ್ದ ಕಡಲೆಕಾಯಿ ಬಿಡಿಸತೊಡಗಿದೆ. ಅವಳು ನನ್ನನ್ನು ಒಮ್ಮೆ ಅನುಮಾನದಿಂದ ನೋಡಿದಳು. ಅಭ್ಯಾಸ ಬಲದಿಂದ ಪೆನ್ಸಿಲು ಕೆಳಗಿಟ್ಟು ಕಾದಳು. ನಾನು ಇನ್ನೊಂದು ಕಡಲೆಕಾಯಿ ಬಿಡಿಸಿದೆ.

ಆ ಮೌನ ಇಬ್ಬರಿಗೂ ಕಷ್ಟವಾಯಿತು. ಮೋಟಾರು ಆರಿಸಿದ ಕ್ಷಣ ನನ್ನ ಕಾಲಿಗೆ ಆದದ್ದು ಅವಳಿಗೂ ಆಗುತ್ತಿದೆಯೆಂದು ನನಗೆ ಗೊತ್ತಿತ್ತು. ಅಡುಗೆಮನೆಯಿಂದ ನನ್ನಾಕೆ ಎರಡು ಬಾರಿ ಇಣುಕಿ ಹೋದಳು. ಕೊನೆಗೆ ಮಗಳು ಪೆನ್ಸಿಲು ಎತ್ತಿಕೊಂಡಳು. ಒಂದು ಸಾಲು ಬರೆದಳು, ಹೊಡೆದು ಹಾಕಿದಳು. ಇನ್ನೊಂದು ಬರೆದಳು, ಅದೂ ತಪ್ಪು. ನನ್ನ ಕೈ ಎರಡು ಸಲ ಮೇಲೆದ್ದು ಎರಡು ಸಲವೂ ತಟ್ಟೆಗೇ ವಾಪಸಾಯಿತು. ಮೂರನೆಯ ಸಲ ಅವಳು ಬರೆದದ್ದು ನಾನು ಹೇಳುತ್ತಿದ್ದ ದಾರಿಯಲ್ಲ. ಕೊಂಚ ಸುತ್ತು ದಾರಿ. ಆದರೆ ದಾರಿ ಅವಳದು. ಆರನೆಯ ಸಾಲಿಗೆ ಬಂದು ನಿಂತಳು. ಮುಖ ಎತ್ತಿದಳು.

"ಅಪ್ಪ, ಇಲ್ಲೀವರೆಗೂ ಸರಿ ಇದೆಯಾ? ಮುಂದಕ್ಕೆ ಹೋಗ್ತಾ ಇಲ್ಲ."

ಜೂನ್ ತಿಂಗಳಿಂದ ಅವಳು ತಾನಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಹಿಮ್ಮಡಿ ಎದ್ದಿತ್ತು.

"ಸರಿ ಇದೆ. ನಾಲ್ಕನೇ ಸಾಲಿನ ಚಿಹ್ನೆ ಇನ್ನೊಂದು ಸಲ ನೋಡು" ಎಂದೆ. ಅಷ್ಟೇ ಎಂದೆ. ಅವಳು ನೋಡಿದಳು, "ಅಯ್ಯೋ!" ಎಂದು ತಲೆ ಚಚ್ಚಿಕೊಂಡಳು, ಉಳಿದದ್ದನ್ನು ಸರಸರನೆ ಬರೆದು ಮುಗಿಸಿದಳು. ಅಷ್ಟರಲ್ಲಿ ಕಡಲೆಕಾಯಿ ತಟ್ಟೆ ಖಾಲಿಯಾಗಿತ್ತು.

ಅವಳಿಗೆ ಕೊನೆಗೆ ಎಷ್ಟು ಅಂಕ ಬಂತೆಂದು ಈಗಲೂ ಸಿಕ್ಕವರೆಲ್ಲ ಕೇಳುತ್ತಾರೆ. ಅದು ಅವಳ ಅಂಕ, ಅವಳನ್ನೇ ಕೇಳಿ ಎನ್ನುತ್ತೇನೆ. ನನ್ನ ಅಂಕ ಬೇಕಾದರೆ ಹೇಳುತ್ತೇನೆ. ದಿನವೂ ಕಲಿಯುತ್ತಿದ್ದೇನೆ, ಒಮ್ಮೊಮ್ಮೆ ಬೇಗ ತಳ್ಳುತ್ತೇನೆ, ಒಮ್ಮೊಮ್ಮೆ ತಡವಾಗುತ್ತದೆ. ಸರಿಯಾದ ದಿನ ಮಾತ್ರ ನೂರಕ್ಕೆ ನಲವತ್ತಮೂರು. ನಮ್ಮ ಪರೀಕ್ಷೆಗಳ ಲೆಕ್ಕದಲ್ಲಿ ಅದು ಬರೀ ಪಾಸು. ನಡಿಗೆಯ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ಬೇಕಿಲ್ಲ.